ಆಫೀಸ್ ಮೇಲ್‌ನ ಪಿಎಫ್‌ಎ, ಇಒಡಿ, ಪಿಒಸಿ: ನೀವೆಲ್ಲ ಹೇಗೆ ಕಲಿತಿರಿ?

ಕೇಳಿದವರು: ಕಾಲೇಜು ಮುಗಿಸಿ ಈಗಷ್ಟೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಕೆಲಸ ಅರ್ಥವಾಗುತ್ತದೆ, ಮೇಲ್ ಅರ್ಥವಾಗುವುದಿಲ್ಲ. ಪಿಎಫ್‌ಎ, ಇಒಡಿ, ಪಿಒಸಿ, ಎಂಒಎಂ ಎಲ್ಲ ಒಂದೇ ಮೇಲ್‌ನಲ್ಲಿ. ಗೂಗಲ್ ಮಾಡಿದರೆ ಒಂದೊಂದಕ್ಕೂ ಹತ್ತು ಅರ್ಥ. ಪಕ್ಕದವರನ್ನು ಪದೇ ಪದೇ ಕೇಳೋಕೆ ಮುಜುಗರ. ಏನು ಮಾಡಲಿ?

ಸಾಫ್ಟ್‌ವೇರ್ ಟೀಮ್ ಲೀಡ್: ಪಿಎಫ್‌ಎ ಅಂದರೆ ‘ಪ್ಲೀಸ್ ಫೈಂಡ್ ಅಟ್ಯಾಚ್ಡ್’, ಫೈಲ್ ಜೊತೆಗಿದೆ ಅಂತ. ಪಿಎಫ್‌ಬಿ ಅಂದರೆ ವಿಷಯ ಕೆಳಗಿದೆ. ಇವಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಲೆಬಿಸಿ ಇರೋದು ಇಒಡಿಯಲ್ಲಿ. ‘ಎಂಡ್ ಆಫ್ ಡೇ’ ಸರಿ, ಯಾರ ದಿನ? ಕ್ಲೈಂಟ್ ನ್ಯೂಯಾರ್ಕ್‌ನಲ್ಲಿದ್ದರೆ ಅವರ ಸಂಜೆ 5 ಗಂಟೆ ನಮಗೆ ರಾತ್ರಿ 2:30. ಚಳಿಗಾಲಕ್ಕೆ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 3:30. ಇಲ್ಲಿನ ಮ್ಯಾನೇಜರ್ ಇಒಡಿ ಅಂದರೆ, ಅವರು ಮನೆಗೆ ಹೊರಡೋ ಮುಂಚೆ ಅಂತ! ಹಾಗಾಗಿ ಇಒಡಿ ಕಂಡ ತಕ್ಷಣ ನಾನು ಒಂದು ಸಾಲು ವಾಪಸ್ ಬರೆಯುತ್ತೇನೆ: ‘ಇವತ್ತು ಸಂಜೆ 6ಕ್ಕೆ, ಬೆಂಗಳೂರು ಟೈಮ್, ಕಳಿಸುತ್ತೇನೆ.’ ಆಗಲ್ಲ ಅನ್ನುವವರು ಆಗಲೇ ಹೇಳುತ್ತಾರೆ. ಐಎಸ್‌ಟಿ ಬಿಟ್ಟು ಊರಿನ ಹೆಸರು ಬರೆಯೋದು ಬೇಕಂತಲೇ. ಡಬ್ಲಿನ್‌ನವರಿಗೂ ಬೇಸಿಗೆಯಲ್ಲಿ ಐಎಸ್‌ಟಿ ಇದೆ, ಅದು ಐರಿಷ್ ಸ್ಟ್ಯಾಂಡರ್ಡ್ ಟೈಮ್. ಸಿಎಸ್‌ಟಿ ಅಂದರೆ ಷಿಕಾಗೊದವರಿಗೆ ಒಂದು, ಚೀನಾದವರಿಗೆ ಇನ್ನೊಂದು.

ಪೀಣ್ಯದ ಫ್ಯಾಕ್ಟರಿಯಲ್ಲಿ ಪರ್ಚೇಸ್ ನೋಡಿಕೊಳ್ಳುವವರು: ಗೂಗಲ್ ಬಿಡಿ, ಮೇಲ್ ಯಾವ ಡಿಪಾರ್ಟ್‌ಮೆಂಟ್‌ನಿಂದ ಬಂತು ನೋಡಿ. ನಮ್ಮಲ್ಲಿ ಪಿಒ ಅಂದರೆ ಪರ್ಚೇಸ್ ಆರ್ಡರ್. ಸಾಫ್ಟ್‌ವೇರ್‌ನವರಿಗೆ ಅದೇ ಪ್ರಾಡಕ್ಟ್ ಓನರ್, ಅಂದರೆ ಒಬ್ಬ ಮನುಷ್ಯ. ‘ಪಿಒ ರಿಲೀಸ್ಡ್, ಜಿಆರ್‌ಎನ್ ಪೆಂಡಿಂಗ್’ ಅಂತ ನಮಗೆ ದಿನಾ ಮೇಲ್ ಬರುತ್ತದೆ. ಆರ್ಡರ್ ಹೋಗಿದೆ, ಆದರೆ ಮಾಲು ಬಂತು ಅಂತ ಸ್ಟೋರ್ಸ್‌ನವರು ಇನ್ನೂ ಎಂಟ್ರಿ ಹಾಕಿಲ್ಲ ಅಂತ ಇದರರ್ಥ. ಲಾರಿ ಗೇಟಿನೊಳಗೆ ಬಂದು, ಮಾಲು ಇಳಿಸಿ, ಖಾಲಿ ಲಾರಿ ವಾಪಸ್ಸೂ ಹೋಗಿರಬಹುದು. ಆದರೂ ಗೂಡ್ಸ್ ರಿಸೀಟ್ ನೋಟ್ ಇಲ್ಲದೆ ಅಕೌಂಟ್ಸ್‌ನವರು ಬಿಲ್ ಮುಟ್ಟುವುದಿಲ್ಲ. ಸಪ್ಲೈಯರ್ ಫೋನ್ ಮಾಡಿ ಬೈಯುವುದು ಮಾತ್ರ ನಮಗೆ. ಇಂಥ ಮೇಲ್ ಬಂದರೆ ನೀವು ಓಡಬೇಕಾದ್ದು ಅಕೌಂಟ್ಸ್‌ಗಲ್ಲ, ಸ್ಟೋರ್ಸ್‌ಗೆ.

ಪಿಒಸಿಯೂ ಅಷ್ಟೇ. ‘ಪಿಒಸಿ ಯಾರು?’ ಅಂದರೆ ಪಾಯಿಂಟ್ ಆಫ್ ಕಾಂಟ್ಯಾಕ್ಟ್, ಯಾರ ಹತ್ತಿರ ಮಾತಾಡಬೇಕು ಅಂತ. ‘ಪಿಒಸಿ ಯಾವಾಗ ರೆಡಿ?’ ಅಂದರೆ ಪ್ರೂಫ್ ಆಫ್ ಕಾನ್ಸೆಪ್ಟ್, ಸಣ್ಣದಾಗಿ ಮಾಡಿ ತೋರಿಸೋದು.

ಎಚ್‌ಆರ್‌ನಲ್ಲಿರುವವರು: ನಮ್ಮ ಮೇಲ್‌ಗಳಲ್ಲಿ ಎಲ್‌ಒಪಿ ಒಂದನ್ನು ಮರೀಬೇಡಿ. ಲಾಸ್ ಆಫ್ ಪೇ, ಅಂದರೆ ಸಂಬಳ ಕಟ್. ಎಲ್‌ಡಬ್ಲ್ಯೂಪಿ ಅಂದರೂ ಅದೇ. ಪಿಟಿಒ ಅಂದರೆ ಪ್ರಶ್ನೆಪತ್ರಿಕೆ ನೆನಪಾಗಿ ಪುಟ ತಿರುಗಿಸಬೇಡಿ, ಇಲ್ಲಿ ಅದು ಸಂಬಳ ಸಿಗುವ ರಜೆ. ಒಒಒ ಅಂದರೆ ಆಫೀಸಿನಲ್ಲಿಲ್ಲ. ಅಷ್ಟೇ.

ಗುಮಾಸ್ತರಾಗಿ ನಿವೃತ್ತರಾದವರು: ಎಲ್ಲರೂ ಅಕ್ಷರ ಬಿಡಿಸುತ್ತಿದ್ದೀರಿ. ನಿಮ್ಮ ಹೆಸರು ಎಲ್ಲಿದೆ ಅಂತ ಮೊದಲು ನೋಡಿ. ‘ಟು’ನಲ್ಲಿದ್ದರೆ ಕೆಲಸ ನಿಮ್ಮದು. ಸಿಸಿಯಲ್ಲಿದ್ದರೆ ಸಾಮಾನ್ಯವಾಗಿ ಓದಿಟ್ಟುಕೊಂಡರೆ ಸಾಕು. ನಾವು ಟೈಪ್‌ರೈಟರ್‌ನಲ್ಲಿ ಎರಡು ಹಾಳೆ ನಡುವೆ ಕಾರ್ಬನ್ ಇಟ್ಟು ಹೊಡೆಯುತ್ತಿದ್ದೆವಲ್ಲ, ಆ ಕಾರ್ಬನ್ ಕಾಪಿಯೇ ಇದು. ಎಫ್‌ವೈಐ ಅಂದರೆ ಸುಮ್ನೆ ಗೊತ್ತಿರಲಿ ಅಂತ. ಎಫ್‌ವೈಎ ಅಂದರೆ ಕೆಲಸ ನಿಮ್ಮ ತಲೆಗೆ. ನಿಮ್ಮನ್ನು ಬಿಸಿಸಿಯಲ್ಲಿ ಹಾಕಿದ್ದರೆ ಮಾತ್ರ ರಿಪ್ಲೈ ಆಲ್ ಒತ್ತಲೇಬೇಡಿ. ನಿಮಗೂ ಗುಟ್ಟಾಗಿ ಕಾಪಿ ಬಂದಿತ್ತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಕಳಿಸಿದವರ ಫಜೀತಿ ಆಮೇಲೆ ಕೇಳಬೇಡಿ.

ಇನ್ನೊಬ್ಬರು: ಎಂಒಎಂ ಬಗ್ಗೆ ಯಾರೂ ಹೇಳಲಿಲ್ಲ, ಅಲ್ವಾ? ಮಿನಿಟ್ಸ್ ಆಫ್ ಮೀಟಿಂಗ್. ಹೊಸಬರ ತಲೆಗೇ ಕಟ್ಟುವ ಕೆಲಸ. ನಾನಂತೂ ಅದನ್ನು ನೀವೇ ಕೇಳಿ ತಗೊಳ್ಳಿ ಅಂತೀನಿ. ಬರೆದುಕೊಳ್ಳುವವರು ‘ಇದು ಯಾವ ಪಿಒಸಿ? ಸರಿಯಾಗಿ ಹಾಕಬೇಕು’ ಅಂತ ಕೇಳಿದರೆ ಯಾರೂ ನಗಲ್ಲ, ನಿಮ್ಮ ಮುಜುಗರವೂ ತಪ್ಪುತ್ತದೆ. ಕಳಿಸುವಾಗ ಯಾರು ಏನನ್ನು ಯಾವತ್ತಿಗೆ ಮಾಡಬೇಕು ಅಂತ ಪೂರ್ತಿ ಬರೆಯಿರಿ. ಟಿಬಿಡಿ, ಅಂದರೆ ‘ಇನ್ನೂ ತೀರ್ಮಾನವಾಗಿಲ್ಲ’, ಅಂತ ಬಿಟ್ಟ ಸಾಲಿಗೆ ಮುಂದಿನ ಮೀಟಿಂಗ್‌ವರೆಗೂ ಯಾರೂ ಕೈ ಹಾಕಲ್ಲ.