ವಿವಾಲ್ಡಿಯ ‘ಚಳಿಗಾಲ’ ಒಂದು ಫೈಲಲ್ಲಿ 4ಎ, ಇನ್ನೊಂದರಲ್ಲಿ 9ಎ: ಯಾವುದು ಸರಿ?

ಪ್ರಶ್ನೆ, ರಾಯಚೂರಿನಿಂದ:

ಅಣ್ಣಾ ನಮಸ್ಕಾರ. ಇಲ್ಲಿಯ ಒಂದು ಶಾಲೆಯ ಗ್ಯಾದರಿಂಗಿಗೆ ಸೌಂಡ್ ನನ್ನದೇ. ಮಕ್ಕಳ ಡ್ಯಾನ್ಸಿಗೆ ಇಟಲಿಯ ವಿವಾಲ್ಡಿಯ ‘ಚಳಿಗಾಲ’ ವಯೋಲಿನ್ ಕಾನ್ಚೆರ್ಟೊದ (ಒಂಟಿ ಪಿಟೀಲಿಗೆ ತಂಡದ ಜೊತೆ ಬರೆದ ಕೃತಿ) ಮೊದಲ ಭಾಗ ಬೇಕಂತೆ. ಕೆಳಗೆ ಹಲಗೆ ಬೀಟ್ ಹಾಕಬೇಕು, ನಡುವೆ ಹಾರ್ಮೋನಿಯಂ ಮಾಸ್ತರು ಬಿಳಿ 3ರಲ್ಲಿ (ಮೂರನೇ ಬಿಳಿ ಮನೆಯ ಶ್ರುತಿ) ಒಂದು ತತ್ವಪದದ ಧಾಟಿ ನುಡಿಸುತ್ತಾರೆ. ನನ್ನ ಹತ್ತಿರ ಎರಡು ರೆಕಾರ್ಡಿಂಗ್ ಇವೆ. ಡಿಜೆ ಸಾಫ್ಟ್‌ವೇರ್ ಒಂದರ ಕೀ (ಮೂಲ ಶ್ರುತಿ) 4ಎ ಅನ್ನುತ್ತದೆ, ಇನ್ನೊಂದರದು 9ಎ. ಬಿಪಿಎಂ (ನಿಮಿಷಕ್ಕೆ ಎಷ್ಟು ಮಾತ್ರೆ) ಒಂದರಲ್ಲಿ 78, ಇನ್ನೊಂದರಲ್ಲಿ 156. ಒಂದೇ ಕೃತಿ ಅಲ್ವಾ? ಡಿಜೆಗಳು ಕೀ ಹೊಂದಿಸಲು ನೋಡುವ ಕ್ಯಾಮೆಲಾಟ್ ಚಕ್ರದಲ್ಲಿ ಇವು ಐದು ಮನೆ ದೂರ. ಯಾವುದನ್ನು ನಂಬಲಿ?

ಉತ್ತರ, ಬಳ್ಳಾರಿಯಿಂದ:

ತಮ್ಮಾ, ಎರಡೂ ಸರಿ ಇರಬಹುದು. ಈ ಕೃತಿ ಬರೆದಿರುವುದು ಎಫ್ ಮೈನರ್‌ನಲ್ಲಿ, ಅಂದರೆ ಎಫ್ ಷಡ್ಜ, ಮೈನರ್ ಸ್ವರಶ್ರೇಣಿ, ಅದೇ ನಿನ್ನ 4ಎ. 1725ರಲ್ಲಿ ಅಚ್ಚಾದ ಸಂಗೀತ ಇದು. ಈಗ ಕೆಲವು ತಂಡಗಳು ಹಳೆ ಕಾಲದ ಮಾದರಿಯ ವಾದ್ಯ, ಕರುಳಿನ ತಂತಿ ಹಿಡಿದು ನುಡಿಸುತ್ತವೆ, ಅವು ಸಾಮಾನ್ಯವಾಗಿ ‘ಎ’ ಸ್ವರವನ್ನು 440ರ ಬದಲು 415 ಹರ್ಟ್ಸ್‌ಗೆ ಇಳಿಸಿ ಶ್ರುತಿ ಮಾಡಿಕೊಳ್ಳುತ್ತವೆ. ಅಂದರೆ ಹೆಚ್ಚುಕಡಿಮೆ ಪೂರ್ತಿ ಅರ್ಧ ಸ್ವರ ಕೆಳಗೆ. ಪುಟದಲ್ಲಿ ಎಫ್ ಮೈನರ್ ಅಂತ ಇದ್ದರೂ ನಮ್ಮ ಕಿವಿಗೆ ಬರುವುದು ಇ ಮೈನರ್. ಸಾಫ್ಟ್‌ವೇರ್‌ಗೆ ಪುಟ ಗೊತ್ತಿಲ್ಲ, ಕೇಳಿದ್ದನ್ನು 9ಎ ಅಂತ ಬರೆದಿದೆ. ಚಕ್ರದಲ್ಲಿ ಐದು ಮನೆ ದೂರ ಕಾಣುತ್ತದೆ, ಆದರೆ ಹಾರ್ಮೋನಿಯಂ ಮುಂದೆ ಕೂತು ನೋಡು: ಇ ಅಂದರೆ ಬಿಳಿ 3, ಎಫ್ ಅಂದರೆ ಬಿಳಿ 4, ಪಕ್ಕಪಕ್ಕದಲ್ಲೇ ಇವೆ, ನಡುವೆ ಕರಿ ಮನೆ ಕೂಡ ಇಲ್ಲ.

ಆದರೂ ಸುಮ್ನೆ ನನ್ನ ಮಾತು ನಂಬಬೇಡ. ರಾತ್ರಿ ಗದ್ದಲ ಇಲ್ಲದಾಗ ಹೆಡ್‌ಫೋನ್ ಒಂದೇ ಕಿವಿಗೆ ಹಾಕಿಕೋ, ಇನ್ನೊಂದು ಕಿವಿ ಹಾರ್ಮೋನಿಯಂ ಪೆಟ್ಟಿಗೆ ಕಡೆ ಇರಲಿ. ತಿದಿ ಮೆಲ್ಲಗೆ ಒತ್ತಿ ಬಿಳಿ 3 ಹಿಡಿ. ಆ ಭಾಗ ಶುರುವಾಗುವುದೇ ಕೆಳಗಿನ ತಂತಿಗಳು ಒಂದೇ ಸ್ವರವನ್ನು ಟಕ ಟಕ ಅಂತ ಬಡಿಯುವುದರಿಂದ, ಆಮೇಲೆ ಒಂದೊಂದೇ ಸಾಲು ಮೇಲೆ ಬಂದು ಕೂಡುತ್ತದೆ. ಆ ಮೊದಲ ಸ್ವರ ನಿನ್ನ ಬಿಳಿ 3ರ ಜೊತೆ ಒಂದಾಯಿತು ಅಂದರೆ ಕೆಲಸ ಮುಗಿಯಿತು. ಬಿಳಿ 4ರ ಜೊತೆ ಒಂದಾದರೆ ಅದು 440ರ ರೆಕಾರ್ಡಿಂಗ್. ಮಾಸ್ತರ ಶ್ರುತಿಗೆ 9ಎ ಫೈಲೇ ನೇರವಾಗಿ ಕೂರುತ್ತದೆ, ಪಿಚ್ ಮುಟ್ಟುವುದೇ ಬೇಡ. ನಾನೊಮ್ಮೆ ಪರದೆ ಮೇಲಿನ ಅಂಕಿ ನಂಬಿ ಒಂದು ನಾಟಕದ ಟ್ರ್ಯಾಕ್ ಅರ್ಧ ಸ್ವರ ಮೇಲೆ ಮಾಡಿಕೊಟ್ಟಿದ್ದೆ, ಹಾಡುವ ತಾಯಿ ತಾರಕದಲ್ಲಿ ಗಂಟಲು ಕಟ್ಟಿಕೊಂಡು ನಿಂತದ್ದು ಇನ್ನೂ ಕಣ್ಣ ಮುಂದಿದೆ. ಅವತ್ತಿನಿಂದ ಪೆಟ್ಟಿಗೆ ಒತ್ತಿ ನೋಡದೆ ಯಾವ ಫೈಲೂ ಕೊಟ್ಟಿಲ್ಲ.

ಬಿಪಿಎಂ ವಿಷಯ ಸುಲಭ. 156 ಅನ್ನುವುದು 78ರ ಎರಡು ಪಟ್ಟು. ಆ ಟಕ ಟಕ ಒಂದು ಮಾತ್ರೆಗೆ ಎರಡು ಬರುತ್ತದೆ, ಯಂತ್ರ ಅದನ್ನೇ ಮಾತ್ರೆ ಅಂತ ಎಣಿಸಿದೆ. ತೊಡೆ ಮೇಲೆ ತಾಳ ಹಾಕಿ 16 ಮಾತ್ರೆಗೆ ಎಷ್ಟು ಸೆಕೆಂಡ್ ಅಂತ ನೋಡು, 12.3 ಬಂದರೆ 78. ತೊಂದರೆ ಇರುವುದು ಬೇರೆ ಕಡೆ. ಈ ವಾದಕರು ಕ್ಲಿಕ್ (ಕಿವಿಯಲ್ಲಿ ಮಾತ್ರೆ ಎಣಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ನುಡಿಸಿದವರಲ್ಲ. ಎಲ್ಲರೂ ಸೇರಿ ನುಡಿಸುವಾಗ ಲಯ ಗಟ್ಟಿ ಇರುತ್ತದೆ, ಒಂಟಿ ಪಿಟೀಲು ಬಂದಾಗ ಎಳೆಯುತ್ತಾರೆ, ಓಡಿಸುತ್ತಾರೆ. ಅದಕ್ಕೇ ಒಂದೇ ಗ್ರಿಡ್ (ಸಮ ಅಂತರದ ಮಾತ್ರೆಯ ಗೆರೆಗಳು) ಹಾಕಿದರೆ ಎಂಟು ಸಾಲಿನೊಳಗೆ ಹಲಗೆ ಜಾರುತ್ತದೆ. ಪಿಟೀಲನ್ನು ಹಿಗ್ಗಿಸಿ ಗ್ರಿಡ್ಡಿಗೆ ಕೂರಿಸಬೇಡ, ಕಮಾನಿನ ಮೊನೆ ಮಸುಕಾಗಿಬಿಡುತ್ತದೆ. ಹಲಗೆಯ ಪೆಟ್ಟುಗಳನ್ನು ಕತ್ತರಿಸಿ ಅದರ ಹಿಂದೆ ಇಡು. ಹುಡುಗರು ಲೈವ್ ಬಾರಿಸುವುದಾದರೆ ಇನ್ನೂ ಒಳ್ಳೆಯದು, ಕೇಳಿಕೊಂಡು ಬಾರಿಸುತ್ತಾರೆ.

ಗಂಗಾವತಿಯಿಂದ ಮತ್ತೊಬ್ಬರು:

ಸರ್, 4ಎ ಫೈಲ್ ಕ್ವಾಲಿಟಿ ಚೆನ್ನಾಗಿದೆ ಅಂದರೆ ಅದನ್ನೇ ಇಳಿಸಬಹುದಲ್ವಾ?

ಉತ್ತರ:

ಇಳಿಸಬಹುದು. ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವುದು) ತೆಗೆದು ವೇಗವನ್ನು ಸುಮಾರು 5.6 ಪರ್ಸೆಂಟ್ ಕಡಿಮೆ ಮಾಡಿದರೆ ಅರ್ಧ ಸ್ವರ ಇಳಿಯುತ್ತದೆ, ದನಿಯೂ ಕೆಡುವುದಿಲ್ಲ, ಲಯ ಮಾತ್ರ ನಿಧಾನ ಆಗುತ್ತದೆ. ಮೂರೂ ಭಾಗ ಒಂದೇ ಫೈಲಲ್ಲಿದ್ದರೆ ಮೊದಲು ಕತ್ತರಿಸಿ, ನಡುವಿನ ನಿಧಾನ ಭಾಗ ಇ ಫ್ಲಾಟ್ ಮೇಜರ್, ಅದು ಸೇರಿದರೆ ಕೀ ಲೆಕ್ಕವೇ ದಾರಿ ತಪ್ಪುತ್ತದೆ.

ಪ್ರಶ್ನೆ ಕೇಳಿದವರು:

ಅಣ್ಣಾ, ಬಿಳಿ 3 ಕೂತಿತು! ಆದರೆ ಮಾಸ್ತರು ನುಡಿಸುವಾಗ ಎಲ್ಲೋ ಒಂದು ಕಡೆ ಚುಚ್ಚುತ್ತದೆ. ಅವರದು ಭೈರವಿ.

ಉತ್ತರ:

ಅಲ್ಲೇ ಇದೆ ನೋಡು. ಷಡ್ಜ ಒಂದಾದರೆ ಸಾಲದು. ಭೈರವಿಯಲ್ಲಿ ರಿಷಭ ಕೋಮಲ (ಅರ್ಧ ಸ್ವರ ಇಳಿದದ್ದು), ಪಾಶ್ಚಾತ್ಯರ ಮೈನರ್‌ನಲ್ಲಿ ಶುದ್ಧ. ಎರಡೂ ಒಟ್ಟಿಗೆ ಬಿದ್ದರೆ ಚುಚ್ಚದೆ ಇರುತ್ತದಾ? ಕ್ಯಾಮೆಲಾಟ್ ಚಕ್ರ ಇದನ್ನು ಹೇಳುವುದಿಲ್ಲ, ಅದಕ್ಕೆ ಗೊತ್ತಿರುವುದು ಮೇಜರ್, ಮೈನರ್ ಎರಡೇ. ಮಾಸ್ತರಿಗೆ ಕೀರವಾಣಿಯಲ್ಲೋ ಆಸಾವರಿ ಥಾಟಿನಲ್ಲೋ ಒಂದು ಧಾಟಿ ಕೇಳಿ ನೋಡು, ಒಪ್ಪುತ್ತಾರೆ. ಇನ್ನೊಂದು ಮಾತು. ಈ ಸಂಗೀತ ನಡುವೆ ತನ್ನ ಷಡ್ಜವನ್ನೇ ಬೇರೆ ಕಡೆ ಒಯ್ಯುತ್ತದೆ, ಆಗ ಪೆಟ್ಟಿಗೆಯ ಶ್ರುತಿ ನಿಲ್ಲುವುದಿಲ್ಲ. ಮಾಸ್ತರನ್ನು ಶುರುವಿನಲ್ಲಿ, ಇಲ್ಲ ಕೊನೆಯಲ್ಲಿ ಮನೆಗೆ ಮರಳಿದ ಮೇಲೆ ತಾ. ನಡುವೆ ಬರೀ ಹಲಗೆ ಸಾಕು.

ಪ್ರಶ್ನೆ ಕೇಳಿದವರು:

ಇನ್ನೂ ಸ್ವಲ್ಪ ಅಲೆ ಅಲೆಯಾಗಿ ನಡುಗುತ್ತದೆ ಅಣ್ಣಾ, ಉದ್ದ ಸ್ವರ ಹಿಡಿದಾಗ.

ಉತ್ತರ:

ಅದು ಮಾಸ್ತರ ಪೆಟ್ಟಿಗೆಯದು, ರೀಡು ತುಸು ಆಚೀಚೆ ಆಗಿರುತ್ತದೆ. ಪೆಟ್ಟಿಗೆಗೆ ಕೈ ಹಚ್ಚಬೇಡ. ಫೈಲಿನ ಪಿಚ್ಚನ್ನು ಎರಡೆರಡು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಸರಿಸುತ್ತಾ ಹೋಗು, ಅಲೆ ನಿಧಾನ ಆಗುತ್ತಾ ಆಗುತ್ತಾ ನಿಂತ ಕಡೆ ಬಿಡು. ಅದೇ ಪೆಟ್ಟಿಗೆಯನ್ನೇ ಅವತ್ತೂ ತರಲು ಮಾಸ್ತರಿಗೆ ಈಗಲೇ ಫೋನ್ ಮಾಡಿ ಹೇಳಿಬಿಡು.