ಸಹಾಯ ಬೇಕು: ಹಳೇ ಡೀಸೆಲ್ ಎಸ್‌ಯುವಿಯಾ, ಹೊಸ ಪೆಟ್ರೋಲ್ ಗಾಡಿಯಾ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಆರು ಜನ ಇದ್ದೇವೆ. ಅಮ್ಮನಿಗೆ ಮಂಡಿ ನೋವು, ತುಂಬಾ ಎತ್ತರದ ಗಾಡಿ ಹತ್ತೋಕೆ ಆಗಲ್ಲ. ಎರಡು ತಿಂಗಳಿಂದ ಹುಡುಕಿ ಹುಡುಕಿ ತಲೆ ಕೆಟ್ಟಿದೆ.

ಈಗ ಒಂದು 2019ರ ಏಳು ಸೀಟಿನ ಡೀಸೆಲ್ ಗಾಡಿ ಇಷ್ಟವಾಗಿದೆ. 78,000 ಕಿ.ಮೀ. ಓಡಿದೆ, ಸರ್ವಿಸ್ ದಾಖಲೆ ಪೂರ್ತಿ ಇದೆ. ಟೈರ್ ಮೇಲೆ 2319 ಎಂದಿತ್ತು, ಅಂದರೆ 2019ರ 23ನೇ ವಾರದ್ದು. ಅವನ್ನು ಬದಲಿಸಲೇಬೇಕು, ಅದು ದೊಡ್ಡ ವಿಷಯವಲ್ಲ. ಆದರೆ ಓಡಿಸಿ ನೋಡುವಾಗ ಡಿಪಿಎಫ್ (ಡೀಸೆಲ್ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ದೀಪ ಹೊತ್ತಿಕೊಂಡಿತು! ಮಾರುವವರು "ಹೈವೇಲಿ ಅರ್ಧ ಗಂಟೆ ಓಡಿಸಿ, ಹೋಗುತ್ತೆ" ಎಂದರು. ನನ್ನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿದರು. ಬೇರೆ ದೋಷವೇನೂ ಸಿಗಲಿಲ್ಲ, ಫಿಲ್ಟರ್‌ನಲ್ಲಿ ಮಸಿ ಜಾಸ್ತಿ ಕಟ್ಟಿದೆ ಅಷ್ಟೇ ಎಂದರು.

ನನ್ನ ಗೊಂದಲ ಇಲ್ಲೇ. ನಮ್ಮ ದಿನದ ಓಡಾಟ ಹೋಗಿ ಬಂದು 10 ಕಿ.ಮೀ. ದಾಟಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಇಳಿದಿರುತ್ತೇವೆ. ಫಿಲ್ಟರ್ ಚೆನ್ನಾಗಿ ಬಿಸಿಯಾದರೆ ತಾನೇ ಮಸಿ ಸುಡುವುದು, ಹಾಗಾದರೆ ಅದು ಸುಟ್ಟುಹೋಗುವುದು ಯಾವಾಗ?

ಹೊಸ ಪೆಟ್ರೋಲ್ ಗಾಡಿಯಲ್ಲಿ ಈ ತಲೆನೋವಿಲ್ಲ, ವಾರಂಟಿಯೂ ಇದೆ. ಆದರೆ ನಮ್ಮ ಬಜೆಟ್‌ಗೆ ಸಿಗುವುದರಲ್ಲಿ ಮೂರನೇ ಸಾಲು ಹೆಸರಿಗೆ ಮಾತ್ರ. ಅಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತೆ. ಆ ಸೀಟನ್ನು ಕೂರೋಕೆ ಎತ್ತಿ ನಿಲ್ಲಿಸಿದರೆ ಹಿಂದೆ ಒಂದು ಸೂಟ್‌ಕೇಸಿಗೂ ಜಾಗವಿಲ್ಲ.

ಡಿಪಿಎಫ್ ಇರುವ ಡೀಸೆಲ್ ಗಾಡಿಯನ್ನು ಸಣ್ಣ ಓಡಾಟಕ್ಕೇ ಬಳಸುತ್ತಿರುವವರು ದಯವಿಟ್ಟು ಹೇಳಿ: ವಾರಕ್ಕೊಮ್ಮೆ ಹೈವೇಯಲ್ಲಿ ಓಡಿಸಿದರೆ ಸಾಕಾಗುತ್ತಾ, ಅಥವಾ ಈ ಗಾಡಿ ಬಿಟ್ಟುಬಿಡೋದೇ ಸರಿನಾ?