ಮಹಿಳಾ ಆಯೋಗಕ್ಕೆ ದೂರು ಕೊಟ್ಟರೆ ನಿಜವಾಗಿ ಏನಾಗುತ್ತದೆ?

ಪ್ರಶ್ನೆ

ನನ್ನ ಚಿಕ್ಕಮ್ಮನ ಮಗಳು ಗಂಡನ ಹೊಡೆತ ತಾಳಲಾರದೆ ಪುಟ್ಟ ಮಗನೊಂದಿಗೆ ತವರಿಗೆ ಬಂದಿದ್ದಾಳೆ. ಮೊದಲ ಸಲ ಠಾಣೆಗೆ ಹೋದಾಗ ದೂರು ದಾಖಲಿಸಿಕೊಳ್ಳುವ ಬದಲು ಗಂಡನನ್ನು ಕರೆಸಿ, ಇಬ್ಬರಿಗೂ ಬುದ್ಧಿ ಹೇಳಿ, ಅವನಿಂದ ಮುಚ್ಚಳಿಕೆ ಬರೆಸಿಕೊಂಡು ಕಳುಹಿಸಿದರು. ಆಮೇಲೂ ಹೊಡೆತ ನಿಲ್ಲಲಿಲ್ಲ. ಎರಡನೆಯ ಸಲ ಹೋದಾಗ, ಇದು ಸಂಸಾರದ ವಿಷಯ, ಹಿರಿಯರನ್ನು ಕೂರಿಸಿಕೊಂಡು ಬಗೆಹರಿಸಿಕೊಳ್ಳಿ ಎಂದು ಹೇಳಿ ಕಳುಹಿಸಿದರೇ ಹೊರತು ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಮಹಿಳಾ ಆಯೋಗಕ್ಕೆ ಹೋಗಿ ಎಂದು ಹಲವರು ಸಲಹೆ ಕೊಡುತ್ತಿದ್ದಾರೆ; ಅಲ್ಲಿ ಏನೂ ಆಗುವುದಿಲ್ಲ, ಬರೀ ಪತ್ರವ್ಯವಹಾರ ಎಂದು ಹೇಳುವವರೂ ಇದ್ದಾರೆ. ಆಯೋಗಕ್ಕೆ ಗಂಡನನ್ನು ಕರೆಸುವ ಅಧಿಕಾರವಿದೆಯೇ, ಅವನಿಗೆ ಶಿಕ್ಷೆ ಕೊಡಿಸಬಲ್ಲದೇ, ಜೀವನಾಂಶ ಕೊಡಿಸಬಲ್ಲದೇ, ವಕೀಲರನ್ನು ಇಟ್ಟುಕೊಳ್ಳಲೇಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಅವಳಲ್ಲಿ ಉಳಿದಿರುವ ಧೈರ್ಯ ಇನ್ನೊಂದು ಕಚೇರಿಯ ಮೆಟ್ಟಿಲು ಹತ್ತಿ ಬರಿಗೈಯಲ್ಲಿ ಇಳಿಯುವಷ್ಟಿಲ್ಲ ಎಂಬ ಆತಂಕದಿಂದ ಕೇಳುತ್ತಿದ್ದೇನೆ.

ಉತ್ತರ 1 (ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ)

ಆಯೋಗ ನ್ಯಾಯಾಲಯವಲ್ಲ. ಅದು ಯಾರನ್ನೂ ಜೈಲಿಗೆ ಕಳುಹಿಸಲಾರದು, ಜೀವನಾಂಶದ ಆದೇಶ ಹೊರಡಿಸಲಾರದು, ವಿಚ್ಛೇದನ ಕೊಡಲಾರದು. ಹಾಗೆಂದು ಅದು ಕೈಲಾಗದ ಸಂಸ್ಥೆಯೇನೂ ಅಲ್ಲ. ಏನನ್ನು ಕೇಳಬೇಕೆಂದು ತಿಳಿಯದೆ ಹೋದವರು ನಿರಾಶರಾಗಿ ಮರಳುವುದನ್ನು ನಾನು ಕಂಡಿದ್ದೇನೆ, ಸರಿಯಾದುದನ್ನು ಕೇಳಿದವರಿಗೆ ಅದರಿಂದ ದೊಡ್ಡ ಸಹಾಯವಾದುದನ್ನೂ ಕಂಡಿದ್ದೇನೆ.

ರಾಷ್ಟ್ರೀಯ ಮಹಿಳಾ ಆಯೋಗವು 1990ರ ಅಧಿನಿಯಮದಡಿ 1992ರ ಜನವರಿ 31ರಂದು ಅಸ್ತಿತ್ವಕ್ಕೆ ಬಂತು. ಕರ್ನಾಟಕ ರಾಜ್ಯ ಮಹಿಳಾ ಆಯೋಗಕ್ಕೆ 1995ರ ಪ್ರತ್ಯೇಕ ಅಧಿನಿಯಮವಿದೆ. ರಾಷ್ಟ್ರೀಯ ಅಧಿನಿಯಮದ 10ನೆಯ ಪ್ರಕರಣದ (ಸೆಕ್ಷನ್) ಪ್ರಕಾರ ಮಹಿಳೆಯರು ಹಕ್ಕುಗಳಿಂದ ವಂಚಿತರಾದಾಗ ಮಾತ್ರವಲ್ಲದೆ, ಅವರ ರಕ್ಷಣೆಗೆಂದು ಮಾಡಿದ ಕಾನೂನುಗಳು ಜಾರಿಯಾಗದಿದ್ದಾಗಲೂ ಆಯೋಗವು ದೂರನ್ನು ಪರಿಶೀಲಿಸಬಹುದು, ದೂರೇ ಬಾರದಿದ್ದರೂ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಬಹುದು. ಹಾಗೆ ವಿಚಾರಣೆ ನಡೆಸುವಾಗ ವ್ಯಕ್ತಿಗಳಿಗೆ ಸಮನ್ಸ್ ನೀಡಿ ಹಾಜರಾಗುವಂತೆ ಮಾಡಲು, ಪ್ರಮಾಣ ಮಾಡಿಸಿ ವಿಚಾರಿಸಲು, ದಾಖಲೆಗಳನ್ನೂ ಸರ್ಕಾರಿ ಕಡತಗಳನ್ನೂ ತರಿಸಿಕೊಳ್ಳಲು ಅದಕ್ಕೆ ಸಿವಿಲ್ ನ್ಯಾಯಾಲಯಕ್ಕಿರುವಂಥ ಅಧಿಕಾರವಿದೆ. ಆದ್ದರಿಂದ ಗಂಡನನ್ನು ಕರೆಸಬಲ್ಲದೇ ಎಂದರೆ, ಕರೆಸಬಲ್ಲದು.

ಆದರೆ ನಿಮ್ಮ ಸಂದರ್ಭದಲ್ಲಿ ಆ ಅಧಿಕಾರ ಗಂಡನಿಗಿಂತ ಹೆಚ್ಚಾಗಿ ಠಾಣೆಯ ಮೇಲೆ ಬಳಕೆಯಾಗಬೇಕು. ದೂರಿನಲ್ಲಿ ಗಂಡನ ಕ್ರೌರ್ಯವನ್ನಷ್ಟೇ ಬರೆದರೆ ಆಯೋಗವು ಅದನ್ನು ಆಪ್ತಸಮಾಲೋಚನೆಗೆ ಕಳುಹಿಸಿ ಸುಮ್ಮನಾಗುವ ಸಾಧ್ಯತೆ ಇರುತ್ತದೆ. ಅದರ ಬದಲು, ಇಂಥ ದಿನ ಇಂಥ ಠಾಣೆಗೆ ದೂರು ಕೊಡಲು ಹೋದೆ, ದಾಖಲಿಸಲಿಲ್ಲ, ಸ್ವೀಕೃತಿಯನ್ನಾಗಲಿ ಹಿಂಬರಹವನ್ನಾಗಲಿ ಕೊಡಲಿಲ್ಲ, ಮುಚ್ಚಳಿಕೆ ಬರೆಸಿಕೊಂಡು ನನ್ನನ್ನು ಅದೇ ಮನೆಗೆ ವಾಪಸ್ ಕಳುಹಿಸಿದರು ಎಂದು ಬರೆದು, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯಿಂದ ಕೈಗೊಂಡ ಕ್ರಮದ ವರದಿ ತರಿಸಿಕೊಳ್ಳಬೇಕೆಂದು ಕೋರಲಿ. ಆಗ ಉತ್ತರ ಕೊಡುವ ಹೊಣೆ ಒಬ್ಬ ಅಧಿಕಾರಿಯ ಹೆಗಲೇರುತ್ತದೆ. ನನ್ನ ಅನುಭವದಲ್ಲಿ ಆಯೋಗದ ಪತ್ರವೊಂದು ಅತ್ಯಂತ ಫಲಕಾರಿಯಾಗುವುದು ಇಲ್ಲಿಯೇ.

ಠಾಣೆಯವರು ಹೇಳಿದ್ದು ಕಾನೂನಿಗೆ ಒಪ್ಪುವ ಮಾತೂ ಅಲ್ಲ. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ನಡೆದಿದೆಯೆಂದು ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ; ದಾಂಪತ್ಯ ಕಲಹಗಳಲ್ಲಿ ಅದಕ್ಕೆ ಮೊದಲು ಪ್ರಾಥಮಿಕ ವಿಚಾರಣೆಗೆ ಅವಕಾಶವಿದ್ದರೂ ಅದು ಕಾಲಮಿತಿಯೊಳಗೆ ಮುಗಿಯಬೇಕು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು ಅಂಥ ವಿಚಾರಣೆಗೆ 14 ದಿನಗಳ ಮಿತಿ ಹಾಕಿದೆ, ಮೇಲಧಿಕಾರಿಯ ಅನುಮತಿಯನ್ನೂ ಕಡ್ಡಾಯಗೊಳಿಸಿದೆ. ಠಾಣಾಧಿಕಾರಿ ದೂರು ದಾಖಲಿಸಲು ನಿರಾಕರಿಸಿದರೆ ಅದರ ಸಾರಾಂಶವನ್ನು ಬರವಣಿಗೆಯಲ್ಲಿ ಅಂಚೆಯ ಮೂಲಕ ವರಿಷ್ಠಾಧಿಕಾರಿಗೆ ಕಳುಹಿಸಬಹುದು, ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು ಎಂದೂ ಅದೇ 173ನೆಯ ಪ್ರಕರಣ ಹೇಳುತ್ತದೆ. ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯಕ್ಕೆ ಅನ್ವಯಿಸುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 498ಎ ಪ್ರಕರಣವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಪ್ರಕರಣಗಳಾಗಿ ಮುಂದುವರಿದಿದೆ. ಗಂಡನ ಊರಿನ ಠಾಣೆಗೇ ಹೋಗಬೇಕೆಂಬ ನಿಯಮವೂ ಇಲ್ಲ. ಮನೆ ಬಿಟ್ಟು ಬಂದ ಮಹಿಳೆ ತಾನು ಆಶ್ರಯ ಪಡೆದ ಊರಿನಲ್ಲಿಯೇ ಈ ದೂರು ಕೊಡಬಹುದೆಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ತೀರ್ಪಾಗಿದೆ.

ಇನ್ನು ಜೀವನಾಂಶ, ರಕ್ಷಣೆ, ಮಗುವಿನ ವಶ, ವಾಸದ ಹಕ್ಕು ಇವುಗಳಿಗೆ ಆಯೋಗವನ್ನು ಕಾಯುತ್ತಾ ಕೂರಬಾರದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ 12ನೆಯ ಪ್ರಕರಣದಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅವಳು ಈಗ ಇರುವ ಊರಿನಲ್ಲಿಯೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಅರ್ಜಿ ತಲುಪಿದ 3 ದಿನಗಳೊಳಗೆ ಮೊದಲ ವಿಚಾರಣೆಯ ದಿನ ನಿಗದಿಯಾಗಬೇಕು, ಆ ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದ್ದರಿಂದಲೇ 23ನೆಯ ಪ್ರಕರಣದಡಿ ಮಧ್ಯಂತರ ಆದೇಶವನ್ನು ಅರ್ಜಿಯ ಜೊತೆಯಲ್ಲಿಯೇ ಕೇಳಬೇಕು. ರಕ್ಷಣಾ ಆದೇಶವನ್ನು ಗಂಡ ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅವನು ಬರೆದುಕೊಟ್ಟ ಮುಚ್ಚಳಿಕೆಗೂ ಈ ಆದೇಶಕ್ಕೂ ಇರುವ ಅಂತರ ಇದೇ.

ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಡಬಹುದು. ದೂರವಾಣಿಯಲ್ಲಿ ವಿಚಾರಿಸುವುದಾದರೆ ಸಂಖ್ಯೆ 15100. ಆಯೋಗಕ್ಕೆ ದೂರು ಕೊಡಲಂತೂ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಉತ್ತರ 2 (ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದವರು)

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಆಯೋಗದ ದೂರಿಗಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅವಳ ಮೈಮೇಲೆ ಈಗಲೂ ಗಾಯದ ಗುರುತುಗಳಿದ್ದರೆ ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗೆ ಗಾಯವಾಯಿತೆಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ ದಾಖಲೆ ಮಾಡಿಸಲಿ. ಜಾರಿಬಿದ್ದೆ ಎಂದು ನಾಚಿಕೆಯಿಂದ ಹೇಳಿದ ಒಂದು ಮಾತು ಮುಂದೆ ಎಷ್ಟೋ ಹೆಣ್ಣುಮಕ್ಕಳಿಗೆ ಮುಳುವಾಗಿದೆ.

ನಂತರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಲಿ. ಅಂಗನವಾಡಿ ನೋಡಿಕೊಳ್ಳುವ ಕಚೇರಿ ಎಂದಷ್ಟೇ ಜನರಿಗೆ ಗೊತ್ತಿರುತ್ತದೆ. ನಮ್ಮ ರಾಜ್ಯದಲ್ಲಿ 2005ರ ಅಧಿನಿಯಮದಡಿ ಸಂರಕ್ಷಣಾಧಿಕಾರಿಯ ಹೊಣೆಯನ್ನು ಹೊತ್ತವರೂ ಅವರೇ. ಕೌಟುಂಬಿಕ ಘಟನಾ ವರದಿಯನ್ನು, ಅಂದರೆ ಎಲ್ಲರೂ ಡಿಐಆರ್ ಎನ್ನುವ ನಮೂನೆಯನ್ನು, ತುಂಬಿ ಮ್ಯಾಜಿಸ್ಟ್ರೇಟರಿಗೆ ಕಳುಹಿಸುವುದು ಅವರ ಕರ್ತವ್ಯ. ಹೊಡೆತ ಮಾತ್ರ ಹಿಂಸೆಯೆಂದು ಭಾವಿಸಿ ಉಳಿದುದನ್ನು ಬಿಟ್ಟುಬಿಡಬೇಡಿ. ಬೈಗುಳ, ಅವಮಾನ, ಒಪ್ಪಿಗೆಯಿಲ್ಲದ ಲೈಂಗಿಕ ವರ್ತನೆ, ಖರ್ಚಿಗೆ ಹಣ ಕೊಡದಿರುವುದು, ಒಡವೆಗಳನ್ನು ಕಿತ್ತುಕೊಂಡದ್ದು, ಇವೆಲ್ಲವೂ ಕಾನೂನಿನ ವ್ಯಾಖ್ಯೆಯೊಳಗೇ ಬರುತ್ತವೆ.

ತವರಿನಲ್ಲಿ ಹೆಚ್ಚು ದಿನ ಇರಲಾಗದ ಪರಿಸ್ಥಿತಿ ಇದ್ದರೆ 181 ಸಹಾಯವಾಣಿಗೆ ಕರೆ ಮಾಡಿ ಜಿಲ್ಲೆಯ ಸಖಿ ಕೇಂದ್ರದ ವಿವರ ಪಡೆಯಬಹುದು. 2015ರಿಂದ ನಡೆಯುತ್ತಿರುವ ಈ ಕೇಂದ್ರಗಳಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ಸಮಾಲೋಚನೆ ಮತ್ತು ಕೆಲವು ದಿನಗಳ ತಂಗುವ ವ್ಯವಸ್ಥೆ ಒಂದೇ ಕಡೆ ಸಿಗುತ್ತವೆ. ಹೆಚ್ಚು ಕಾಲದ ಆಶ್ರಯ ಬೇಕಾದರೆ ಅಲ್ಲಿಂದಲೇ ಬೇರೆ ವಸತಿಗೃಹಕ್ಕೆ ಕಳುಹಿಸುತ್ತಾರೆ. ಗಂಡ ಮನೆ ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಮಾತ್ರ ತಡಮಾಡದೆ 112ಕ್ಕೆ ಕರೆ ಮಾಡಬೇಕು.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ವಿಷಯಗಳು ಅವಳನ್ನು ಕಾಡುತ್ತಿವೆ. ಆಯೋಗದವರು ಗಂಡನನ್ನು ಎದುರಿಗೆ ಕೂರಿಸಿ ರಾಜಿ ಮಾಡಿಸುತ್ತಾರೆ ಎಂದು ಕೇಳಿ ಅವಳು ಹೆದರಿದ್ದಾಳೆ. ಅವನ ಮುಖ ಕಂಡರೆ ಅವಳಿಗೆ ಮಾತೇ ಹೊರಡುವುದಿಲ್ಲ. ಎರಡನೆಯದಾಗಿ, ಮನೆ ಮಾವನ ಹೆಸರಿನಲ್ಲಿರುವುದರಿಂದ ನಿನಗೆ ಅಲ್ಲಿ ಯಾವ ಹಕ್ಕೂ ಇಲ್ಲ ಎಂದು ಅತ್ತೆಯ ಕಡೆಯವರು ಹೇಳುತ್ತಿದ್ದಾರೆ. ಅದು ನಿಜವೇ?

ಉತ್ತರ 3 (ಉತ್ತರ 1 ಬರೆದ ವಕೀಲೆ)

ಮನೆಯ ವಿಷಯವನ್ನು ಮೊದಲು ಹೇಳುತ್ತೇನೆ. ಅವರ ಮಾತು ನಿಜವಲ್ಲ. ಮದುವೆಯಾಗಿ ಅವಳು ಬಾಳಿದ ಹಂಚಿಕೊಂಡ ಮನೆಯಲ್ಲಿ, ಅದು ಯಾರ ಹೆಸರಿನಲ್ಲಿದ್ದರೂ, ವಾಸಿಸುವ ಹಕ್ಕನ್ನು ಕೌಟುಂಬಿಕ ಹಿಂಸೆಯ 2005ರ ಅಧಿನಿಯಮದ 17ನೆಯ ಪ್ರಕರಣ ಕೊಡುತ್ತದೆ. ಗಂಡನ ಸಂಬಂಧಿಕರ ಒಡೆತನದ ಮನೆಯೂ ಇದರೊಳಗೆ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಇದು ಮಾಲೀಕತ್ವದ ಹಕ್ಕಲ್ಲ, ವಾಸದ ಹಕ್ಕು. ವೃದ್ಧ ಅತ್ತೆ ಮಾವಂದಿರ ನೆಮ್ಮದಿಯನ್ನೂ ನ್ಯಾಯಾಲಯ ತೂಗಿ ನೋಡುತ್ತದೆ. ಆ ಮನೆಗೆ ಮರಳುವುದು ಅವಳಿಗೆ ಬೇಡವಾಗಿದ್ದರೆ, ಅದೇ ಮಟ್ಟದ ಬೇರೆ ವಸತಿಯನ್ನು ಅಥವಾ ಅದರ ಬಾಡಿಗೆಯನ್ನು ಗಂಡ ಕೊಡುವಂತೆ 19ನೆಯ ಪ್ರಕರಣದಡಿ ಆದೇಶ ಕೇಳಬಹುದು.

ರಾಜಿಯ ಬಗ್ಗೆ ಅವಳಿಗಿರುವ ಭಯ ಆಧಾರವಿಲ್ಲದ್ದಲ್ಲ. ಸಮಾಲೋಚನೆಯ ಹೆಸರಿನಲ್ಲಿ ಹೊಡೆಸಿಕೊಂಡವಳಿಗೇ ಹೊಂದಿಕೊಂಡು ಹೋಗಲು ಹೇಳುವ ರೂಢಿ ನಮ್ಮಲ್ಲಿ ಆಳವಾಗಿ ಬೇರುಬಿಟ್ಟಿದೆ, ನನಗೆ ಅದರ ಬಗ್ಗೆ ತೀವ್ರ ಆಕ್ಷೇಪವಿದೆ. ಆದ್ದರಿಂದ ದೂರಿನಲ್ಲಿಯೇ ಒಂದು ಪ್ಯಾರಾ ಸೇರಿಸಿ, ತನಗೆ ರಾಜಿ ಬೇಡ, ಗಂಡನ ಸಮ್ಮುಖದಲ್ಲಿ ಮಾತನಾಡಲು ಭಯವಿದೆ, ತನ್ನ ಹೇಳಿಕೆಯನ್ನು ಪ್ರತ್ಯೇಕವಾಗಿ ಪಡೆಯಬೇಕು ಎಂದು ಅವಳು ಬರೆಯಲಿ. ಯಾವ ಒಪ್ಪಂದದ ಪತ್ರಕ್ಕೂ ಅಲ್ಲಿಯೇ ಆತುರದಿಂದ ಸಹಿ ಹಾಕದೆ ಮನೆಗೆ ತಂದು ಓದಿಸಿಕೊಳ್ಳುವ ಹಕ್ಕು ಅವಳಿಗಿದೆ. ಜೊತೆಗೆ ನಿಮ್ಮಂಥವರೊಬ್ಬರು ಹೋಗಿ.

ಇನ್ನೊಂದು ಎಚ್ಚರ. ರಾಷ್ಟ್ರೀಯ ಆಯೋಗದ ಕಾರ್ಯವಿಧಾನದ ಪ್ರಕಾರ ಹೆಸರಿಲ್ಲದ ದೂರು, ಅಸ್ಪಷ್ಟ ದೂರು, ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿರುವ ವಿಷಯ, ರಾಜ್ಯ ಆಯೋಗದ ಮುಂದೆ ಈಗಾಗಲೇ ಇರುವ ವಿಷಯ ಇವುಗಳನ್ನು ಅಲ್ಲಿ ಕೈಗೆತ್ತಿಕೊಳ್ಳುವುದಿಲ್ಲ. ಎರಡೂ ಆಯೋಗಗಳಿಗೆ ಒಟ್ಟಿಗೇ ದೂರು ಕಳುಹಿಸಿದರೆ ಬಲ ಹೆಚ್ಚುತ್ತದೆಂಬ ನಂಬಿಕೆಯಿಂದ ಕೆಲವರು ಹಾಗೆ ಮಾಡುತ್ತಾರೆ, ಅದರಿಂದ ಒಂದು ದೂರು ಮುಚ್ಚಿಹೋಗುತ್ತದೆ. ಜೀವನಾಂಶದ ಅರ್ಜಿ ನ್ಯಾಯಾಲಯದಲ್ಲಿರುವಾಗ ಆಯೋಗಕ್ಕೆ ಠಾಣೆಯ ನಿಷ್ಕ್ರಿಯತೆಯನ್ನು ಮಾತ್ರ ಬರೆಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಉತ್ತರ 4 (ಮನೆಗೆಲಸದ ಮಹಿಳೆಯರ ಸಂಘಟನೆಯೊಂದರಲ್ಲಿ ದುಡಿಯುವವರು)

ಮೂಲ ಪ್ರಶ್ನೆ ಸಂಸಾರದೊಳಗಿನ ಹಿಂಸೆಯದ್ದಾದರೂ ಕೆಲಸದ ಸ್ಥಳದ ಶೋಷಣೆಗೂ ಇದೇ ತರ್ಕ ಅನ್ವಯಿಸುವುದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಹಲವರು ಯಜಮಾನನ ಲೈಂಗಿಕ ಕಿರುಕುಳವನ್ನು ಹೇಳಿಕೊಂಡು, ದೊಡ್ಡ ಕಂಪನಿಯವರಿಗಾದರೆ ಸಮಿತಿ ಇರುತ್ತದೆ, ನಮಗೆ ಯಾರಿದ್ದಾರೆ ಎಂದು ಕೇಳುತ್ತಾರೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮದಂತೆ 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನರಿರುವ ಕಡೆ, ದೂರು ಮಾಲೀಕನ ಮೇಲೆಯೇ ಇದ್ದಾಗ, ಮತ್ತು ಮನೆಗೆಲಸದವರ ವಿಷಯದಲ್ಲಿ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು; ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಓದು ಬರಹ ಬಾರದವರಿಗೆ ದೂರನ್ನು ಬರೆದುಕೊಡಲು ಸಮಿತಿಯೇ ನೆರವಾಗಬೇಕೆಂಬುದೂ ಕಾನೂನಿನಲ್ಲಿದೆ.

ಸ್ಥಳೀಯ ಸಮಿತಿ ಎಲ್ಲಿದೆ, ಅದರ ಅಧ್ಯಕ್ಷೆ ಯಾರು ಎಂಬ ಮಾಹಿತಿ ಸಿಗದೆ ಅಲೆದಾಡಿದವರು ಇದ್ದಾರೆ. ಅಂಥ ಸಂದರ್ಭದಲ್ಲಿ ಮಹಿಳಾ ಆಯೋಗಕ್ಕೆ ಬರೆಯಬೇಕಾದ ದೂರು ಸಮಿತಿಯ ಬಗ್ಗೆಯೇ ಇರಬೇಕು: ಜಿಲ್ಲಾಡಳಿತವು ಸಮಿತಿಯನ್ನು ರಚಿಸಿದೆಯೇ, ರಚಿಸಿದ್ದರೆ ಅದರ ವಿವರವನ್ನು ಏಕೆ ಪ್ರಕಟಿಸಿಲ್ಲ ಎಂದು ವರದಿ ತರಿಸಿಕೊಳ್ಳಲು ಕೋರಿ, ಆ ಪತ್ರದ ಪ್ರತಿಯನ್ನು ಜಿಲ್ಲಾಧಿಕಾರಿಯ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರು ಕೊಡುವ 3 ತಿಂಗಳ ಅವಧಿ ಆ ನಡುವೆ ಮುಗಿಯದಂತೆ, ಸಂತ್ರಸ್ತೆಯ ದೂರನ್ನು ಸ್ಥಳೀಯ ಸಮಿತಿಯ ಹೆಸರಿಗೆ ಬರೆದು ಅದೇ ದಿನ ಅದೇ ಕಚೇರಿಯಲ್ಲಿ ಸಲ್ಲಿಸಿ, ದಿನಾಂಕದ ಮೊಹರು ಹಾಕಿಸಿಕೊಳ್ಳಿ.